ಲಾಗೌಟ್ ಇಲ್ಲದ ಎಳ್ಳಮಾಸಿ

ನಮ್ಮ ಸೇಡಂ ಕಡೆ ಒಬ್ಬರ ಮನೆಯೊಳಗೆ ಹೋಗುವುದು ಬಹಳ ಸುಲಭ, ಹೊರಗೆ ಬರುವುದೇ ಕಷ್ಟ. ಬಾಗಿಲಿಗೆ ಬಂದವರನ್ನು "ಬರ್ರಿ, ಕುಂದ್ರಿ" ಎಂದು ಕೂಡಿಸಿ, ನೀರು ಕೊಟ್ಟು, ಚಹಾ ಕೊಟ್ಟು, ಚಹಾ ಮುಗಿದ ಮೇಲೆ "ಇನ್ನೂ ಏನೂ ಮಾತಾಡೇ ಇಲ್ಲಲ್ಲ" ಎನ್ನುತ್ತಾರೆ. ಎದ್ದು "ಬರ್ತೀನ್ರಿ" ಎಂದರೆ "ಏನ್ ಗಡಿಬಿಡಿ ಅದ, ಕುಂದ್ರಿ" ಎನ್ನುತ್ತಾರೆ. ಚಪ್ಪಲಿ ಮೆಟ್ಟಿದ ಮೇಲೆ ಮುಖ್ಯ ಸುದ್ದಿ ಶುರುವಾಗುತ್ತದೆ. ಬೈಕಿಗೆ ಕಿಕ್ ಹೊಡೆದ ಮೇಲೆ ಮಗಳ ಮದುವೆಯ ವಿಚಾರ ಬರುತ್ತದೆ. ಇಂಥ ನಾಡಿನಲ್ಲಿ ಹುಟ್ಟಿದವನು ವೆಬ್‌ಸೈಟ್ ಕಟ್ಟುವ ಉಸಾಬರಿಗೆ ಹೋಗಬಾರದು. ಹೋದರೂ ಅದರಲ್ಲಿ ಲಾಗಿನ್, ಲಾಗೌಟ್ ಅಂತೆಲ್ಲ ಇಟ್ಟುಕೊಳ್ಳಬಾರದು. ನಾನು ಇಟ್ಟುಕೊಂಡೆ, ಅನುಭವಿಸಿದೆ.

ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಹೆಸರು ಮಲ್ಲಿನಾಥ. ಆದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ 'ಕಂಪ್ಯೂಟರ್ ಸರ್'. ಫ್ಯಾನ್ ತಿರುಗದಿದ್ದರೂ ನನ್ನನ್ನೇ ಕರೆಯುತ್ತಾರೆ, ನಾನೂ ಹೋಗಿ ನೋಡುತ್ತೇನೆ, ಅದು ಬೇರೆ ಮಾತು. ಪ್ರತಿ ವರ್ಷ ಎಳ್ಳಮಾವಾಸ್ಯೆ, ನಮ್ಮ ಬಾಯಲ್ಲಿ ಎಳ್ಳಮಾಸಿ, ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಗೋಳು. ಆ ದಿನ ಹೊಲ ಇದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ತಂದ ಅಡುಗೆಯನ್ನು ಮೊದಲು ಬೆಳೆಗೆ ಎರಚಿ ಚರಗ ಚೆಲ್ಲುತ್ತಾರೆ, ಗಿಡದ ಕೆಳಗೆ ಕೂತು ಕಾಳು, ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊಡೆಯುತ್ತಾರೆ. ಹೊಲ ಇಲ್ಲದ ನಮ್ಮಂಥವರನ್ನು ಹೊಲ ಇದ್ದವರು ಕರೆಯುತ್ತಾರೆ. ಕರೆದವರಿಗೆಲ್ಲ ನಾವು "ಹೂಂ, ಬರ್ತೀವ್ರಿ" ಎನ್ನುತ್ತೇವೆ, ಯಾಕೆಂದರೆ "ಇಲ್ಲ" ಎನ್ನಲು ನಮ್ಮ ಕಡೆ ಯಾರೂ ಕಲಿಸಿಲ್ಲ. ಆಮೇಲೆ ಒಬ್ಬರ ಹೊಲದಲ್ಲಿ ಜಾತ್ರೆ, ಇನ್ನೊಬ್ಬರ ಹೊಲದಲ್ಲಿ ಕಾಗೆ. ಹೋದ ವರ್ಷ ಈ ಗೋಳನ್ನು ನಾನು ಬಗೆಹರಿಸುತ್ತೇನೆಂದು ಹೊರಟೆ. ಯಾರು ಯಾರ ಹೊಲಕ್ಕೆ, ಎಷ್ಟು ಮಂದಿ ಬರುತ್ತಾರೆಂದು ಒತ್ತಿ ತಿಳಿಸುವ ಒಂದು ವೆಬ್‌ಸೈಟ್!

"ಮಾಡ್ರಿ ಅಂತ ಯಾರರೆ ಕೇಳ್ಯಾರೇನ್ರೀ?" ಎಂದಳು ನನ್ನ ಹೆಂಡತಿ ಜಗದೇವಿ.

"ಇಲ್ಲ."

"ಮತ್ತ್ಯಾಕ ಮಾಡ್ಲಿಕತ್ತೀರಿ?"

ಇಂಥ ಪ್ರಶ್ನೆಯನ್ನು ಕಂಪ್ಯೂಟರ್ ಕಲಿತವರಿಗೆ ಕೇಳಬಾರದು. ಆದರೆ ಅವಳ ಚಿಂತೆ ಬೇರೆ ಇತ್ತು. ಮದುವೆಯಾದ ಮೇಲೆ ಅದು ನಮ್ಮ ಮೊದಲ ಎಳ್ಳಮಾಸಿ. ಅಳಿಯನಾಗಿ ನಾನು ಸುಲೇಪೇಟದಲ್ಲಿರುವ ಮಾವನ ಹೊಲಕ್ಕೆ ಹೋಗಿ ಕೂತು ಉಣ್ಣಬೇಕಿತ್ತು. ನನ್ನ ಮಾವನವರು ಮನುಷ್ಯನನ್ನು ಊಟದಿಂದಲೇ ಅಳೆಯುವವರು. ನಿಶ್ಚಯದ ದಿನ ನಾನು ನಾಚಿಕೊಂಡು ಎರಡೇ ರೊಟ್ಟಿಗೆ ಕೈ ತೊಳೆದೆ. ಅದನ್ನು ನೋಡಿ ಅವರು ಬೀಗರೆದುರೇ, "ಹುಡುಗ ಛಲೋ ಇದ್ದಾನ. ಖರೇ, ಉಣ್ಣಂಗಿಲ್ಲಲ್ಲ! ಉಣ್ಣದಂವ ದುಡೀತಾನೇನು?" ಎಂದು ಮುಖ ಸಣ್ಣದು ಮಾಡಿದ್ದರಂತೆ. ಜಗದೇವಿಗೆ ಅದು ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. "ಅವತ್ತ ಮುಂಜಾನಿಂದ ನೀರು ಬಿಟ್ಟು ಏನೂ ಮುಟ್ಟಬ್ಯಾಡ್ರಿ. ನಮ್ಮಪ್ಪನ ಮುಂದ ಹೊಟ್ಟಿ ತುಂಬ ಉಂಡು ತೋರಸ್ರಿ, ನನ್ನ ಮಾನ ಉಳಸ್ರಿ" ಎಂದು ತಿಂಗಳ ಮೊದಲೇ ಆಣೆ ಹಾಕಿಸಿಕೊಂಡಳು. ಹಾಗಾಗಿ ಸೈಟಿನಲ್ಲಿ ನಾನು ಬೇರೆ ಯಾರ ಹೊಲವನ್ನೂ ಒತ್ತಲಿಲ್ಲ.

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ವೆಬ್‌ಸೈಟ್ ಎಂಬುದು ಮಹಾ ಮರೆಗುಳಿ. ನೀವು ಒಂದು ಗುಂಡಿ ಒತ್ತಿ ಇನ್ನೊಂದು ಒತ್ತುವಷ್ಟರಲ್ಲಿ "ಯಾರು ನೀವು?" ಎನ್ನುತ್ತದೆ. ಅದಕ್ಕೇ ಗುಡಿಯ ಮುಂದೆ ಚಪ್ಪಲಿ ಕಾಯುವವನು ಮಾಡುವ ಉಪಾಯವನ್ನೇ ಅದರಲ್ಲೂ ಮಾಡಿರುತ್ತಾರೆ. ನೀವು ಒಳಗೆ ಬಂದ ಕೂಡಲೇ ನಿಮ್ಮ ಕೈಗೊಂದು ಬಿಲ್ಲೆ ಕೊಡುತ್ತಾರೆ. ಅದು ಕುಕ್ಕಿ. ಆ ಬಿಲ್ಲೆಯ ನಂಬರಿನ ಗೂಡಿನಲ್ಲಿ ನಿಮ್ಮ ಹೆಸರು, ಕುಲಗೋತ್ರ ಇಟ್ಟಿರುತ್ತಾರೆ. ಅದು ಸೆಷನ್. ಹೋಗುವಾಗ ಬಿಲ್ಲೆ ವಾಪಸ್ ಕೊಟ್ಟು ಹೋಗುವುದು ಲಾಗೌಟ್. ಮರೆತು ಹೋದರೆ ಸ್ವಲ್ಪ ಹೊತ್ತಿಗೆ ಬಿಲ್ಲೆ ತಾನೇ ರದ್ದಾಗುತ್ತದೆ. ಇದನ್ನೆಲ್ಲ ನಾನೇನು ಕಂಡುಹಿಡಿಯಬೇಕಿರಲಿಲ್ಲ. ನಾನು ಬಳಸಿದ ಫ್ರೇಮ್‌ವರ್ಕ್ ಎಂಬುದು ಅರ್ಧ ಕಟ್ಟಿಟ್ಟ ಮನೆಯಿದ್ದಂತೆ. ಬಾಗಿಲು, ಚಿಲಕ, ಕೀಲಿ ಎಲ್ಲ ತಿಳಿದವರು ಮೊದಲೇ ಕೂಡಿಸಿರುತ್ತಾರೆ. ನಾವು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ.

ಮೊದಲು ನಮ್ಮ ಲೈಬ್ರರಿಯ ಖಾದರ್ ಸಾಹೇಬರನ್ನು ಸ್ಟಾಫ್ ರೂಮಿನ ಕಂಪ್ಯೂಟರಿನ ಮುಂದೆ ಕೂಡಿಸಿದೆ. ಅವರಿಗೆ ಮಳಖೇಡದ ಹತ್ತಿರ ಹೊಲವಿದೆ. ಎಳ್ಳಮಾಸಿ ಹೊಲ ಇದ್ದವರೆಲ್ಲರ ಹಬ್ಬ, ಅವರ ಮನೆಯ ಭಜ್ಜಿಗೆ ಊರೇ ಕಾಯುತ್ತದೆ. ಸಾಹೇಬರು ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತುವವರು. ಅವರು ಹೆಸರು ಬರೆದು, ನಡುವೆ ಚಹಾ ಕುಡಿದು, ಸೊಸೆಗೆ ಫೋನ್ ಮಾಡಿ ಬರುವಷ್ಟರಲ್ಲಿ ಪರದೆಯ ಮೇಲೆ 'ನಿಮ್ಮ ಅವಧಿ ಮುಗಿದಿದೆ' ಎಂದು ಬಂತು. ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅರೇ ಸರ್, ನನ್ನ ರಿಟೈರ್‌ಮೆಂಟಿಗೆ ಇನ್ನೂ ಟೈಮ್ ಅದ. ಇದಕ್ಕೇನ್ ಜಲ್ದಿ ಆಗ್ಯದ?" ನನಗೆ ಸಂಕಟವಾಯಿತು. ಆ ಅವಧಿಯನ್ನೇ ಕಿತ್ತು ಹಾಕಿದೆ.

ಮರುದಿನ ಇತಿಹಾಸದ ಪಾರ್ವತಿ ಮೇಡಂ ಕೂತರು. ಅವರ ಹೊಲ ಚಿತ್ತಾಪುರದ ರಸ್ತೆಯಲ್ಲಿದೆ. ಎಲ್ಲ ನೋಡಿ ಮುಗಿಸಿ ಮೇಲ್ಮೂಲೆಯ ಕೆಂಪು ಗುಂಡಿಯ ಮೇಲೆ ಬೆರಳಿಟ್ಟರು. ಲಾಗೌಟನ್ನು ಅಚ್ಚಗನ್ನಡದಲ್ಲಿ ಬರೆಯುವ ಹುಮ್ಮಸ್ಸಿನಲ್ಲಿ ನಾನು ಅಲ್ಲಿ 'ಹೊರಗೆ ಹೋಗಿ' ಎಂದು ಬರೆದಿದ್ದೆ.

"ಏನ್ರೀ ಇದು?" ಎಂದರು ಮೇಡಂ. "ಬಂದವ್ರಿಗೆ ಹೊರಗ ಹೋಗ್ರಿ ಅಂತೀರೇನು? ನಿಮ್ಮನಿ ಪದ್ಧತಿ ಹಿಂಗೇನ್ರೀ?"

ಸ್ಟಾಫ್ ರೂಮಿನ ತುಂಬ ನಗು. ನನ್ನ ಅವ್ವನ ಹೆಸರಿಗೇ ಬಂತಲ್ಲ ಎಂದು ಸಿಟ್ಟು ಬಂದು ಆ ಗುಂಡಿಯನ್ನೂ ಅಳಿಸಿಬಿಟ್ಟೆ. ಅದರ ಮೇಲೆ, ಬಂದವರನ್ನು ಮತ್ತೆ ಮತ್ತೆ 'ಯಾರು ನೀವು' ಎಂದು ಕೇಳುವುದೂ ಮರ್ಯಾದೆಯಲ್ಲವೆಂದು, ಒಮ್ಮೆ ಕೊಟ್ಟ ಕುಕ್ಕಿ ವರ್ಷವಿಡೀ ನಡೆಯುವಂತೆ ಮಾಡಿದೆ. ಹಾಗೆ ನಡೆಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ಅದೇ ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ನನ್ನ ಹೆಸರಿನಿಂದ ಒಳಗೆ ಹೋದೆ. ನಡೆಯಿತು. ಸಂತೋಷದಿಂದ ಮನೆಗೆ ಹೋದೆ. ನಾನು ಹೋದೆ, ನನ್ನ ಹೆಸರು ಅಲ್ಲೇ ಕೂತಿತ್ತು.

ಆ ವಾರವೆಲ್ಲ ಹೊಗಳಿಕೆಯ ಮಳೆ. ಚಹಾ ವೇಳೆಗೆ ಒಬ್ಬೊಬ್ಬರಾಗಿ ಬಂದು, ಅದೇ ಕಂಪ್ಯೂಟರಿನ ಮುಂದೆ ಕೂತು, ತಮಗೆ ಬೇಕಾದ ಹೊಲ ಒತ್ತಿ ಹೋದರು. "ಏನ್ ಛಲೋ ಮಾಡೀರಿ ಸರ್! ಹೆಸರು ಸುದ್ದಾ ಕೇಳಂಗಿಲ್ಲ!" ಎಂದರು ಫಿಸಿಕ್ಸಿನವರು. ಹೆಸರು ಯಾಕೆ ಕೇಳುತ್ತಿಲ್ಲ ಎಂದು ಕಂಪ್ಯೂಟರ್ ಕಲಿಸುವ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಗಳುವಾಗ ಯಾರ ತಲೆ ನಡೆಯುತ್ತದೆ ಹೇಳಿ. ಖಾದರ್ ಸಾಹೇಬರು ಎದುರು ಸಿಕ್ಕಾಗಲೆಲ್ಲ ನನ್ನ ಹೊಟ್ಟೆ ನೋಡಿ ನಗುತ್ತಿದ್ದರು. ಅದನ್ನೂ ಹೊಗಳಿಕೆ ಅಂದುಕೊಂಡೆ.

ಎಳ್ಳಮಾಸಿಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸುಲೇಪೇಟಕ್ಕೆ ಹೊರಡಲು ಅಂಗಿಯ ಗುಂಡಿ ಹಾಕುತ್ತಿದ್ದೆ. ಫೋನ್ ಬಂತು. "ಎಲ್ಲಿದ್ದೀರಿ ಸರ್? ಹೊಲದಾಗ ಕಾಯಾಕತ್ತೀವಿ" ಎಂದರು ಖಾದರ್ ಸಾಹೇಬರು. ಹಿಂದೆಯೇ ಪಾರ್ವತಿ ಮೇಡಂ. ಅವರ ಹಿಂದೆ ವಾಡಿ, ಶಹಾಬಾದಿನ ಕಡೆ ಹೊಲ ಇದ್ದ ಇನ್ನಿಬ್ಬರು ಸಹೋದ್ಯೋಗಿಗಳು. ಗಾಬರಿಯಾಗಿ ಸೈಟ್ ತೆಗೆದು ನೋಡಿದೆ. ಎಲ್ಲ ಹೊಲದ ಕೆಳಗೂ ನನ್ನದೇ ಹೆಸರು! ಸಾಹೇಬರ ಹೊಲದ ಕೆಳಗೆ 'ಮಲ್ಲಿನಾಥ, ಆರು ಮಂದಿ'. ಇನ್ನೊಂದು ಕಡೆ 'ಮಲ್ಲಿನಾಥ, ತಾಯಿಯವರೊಂದಿಗೆ'. ಪಾರ್ವತಿ ಮೇಡಂ ಹೊಲದ ಕೆಳಗೆ 'ಮಲ್ಲಿನಾಥ, ಹೆಂಡತಿ ಮತ್ತು ಮೂವರು ಮಕ್ಕಳು'. ಭುಜದ ಮೇಲಿಂದ ಇಣುಕಿ ಓದುತ್ತಿದ್ದ ಜಗದೇವಿ ಆ ಸಾಲಿನ ಮೇಲೆ ಬೆರಳಿಟ್ಟಳು.

"ಮೂರು ಮಕ್ಕಳು ಯಾವ್ರೀ?"

"ನನ್ನವಲ್ಲ ಮಾರಾಯ್ತಿ, ಫಿಸಿಕ್ಸಿನವ್ರವು!"

"ಫಿಸಿಕ್ಸಿನವ್ರ ಮಕ್ಕಳು ನಿಮ್ಮ ಹೆಸರಿಗ್ಯಾಕ ಬಂದ್ರು?"

ಕುಕ್ಕಿಯ ಮಹಿಮೆಯನ್ನು ಹೊಸ ಹೆಂಡತಿಗೆ ಬಾಗಿಲಲ್ಲಿ ನಿಂತು ವಿವರಿಸುವ ಪ್ರಸಂಗ ಶತ್ರುವಿಗೂ ಬೇಡ. ವಾಡಿಯವರ, ಶಹಾಬಾದಿನವರ ಕಾಲಿಗೆ ಫೋನಿನಲ್ಲೇ ಬಿದ್ದು ಪಾರಾದೆ. ಸಾಹೇಬರಿಗೆ ಮಾತ್ರ "ಕಂಪ್ಯೂಟರ್ ತಪ್ಪು ಮಾಡ್ಯದ್ರಿ" ಎಂದದ್ದು ನಡೆಯಲಿಲ್ಲ. "ನೀವೇ ಮಾಡಿದ್ದಲ್ಲೇನ್ರೀ ಅದು?" ಎಂದರು. ಮೇಡಂ ಅಂತೂ "ಕುಕ್ಕಿ ಗಿಕ್ಕಿ ನನಗ ಗೊತ್ತಿಲ್ಲ, ರೊಟ್ಟಿ ಆರ್ಲಿಕತ್ತಾವ" ಎಂದು ಫೋನ್ ಇಟ್ಟರು. ಮುಖ ತೋರಿಸಿ ಬಂದರಾಯಿತು, ಒಂದು ತುತ್ತೂ ಮುಟ್ಟುವುದಿಲ್ಲ ಎಂದು ಜಗದೇವಿಗೆ ಮಾತು ಕೊಟ್ಟು, ಅವಳನ್ನು ಹಿಂದೆ ಕೂಡಿಸಿಕೊಂಡು ಬೈಕನ್ನು ಮಳಖೇಡದ ಕಡೆ ತಿರುಗಿಸಿದೆ.

ಮಳಖೇಡದಲ್ಲಿ ಆ ಹೊಲ ಒತ್ತಿದ್ದ ನಮ್ಮ ಸಿಬ್ಬಂದಿಯೆಲ್ಲ ಆಗಲೇ ಕೂತು ಉಣ್ಣುತ್ತಿದ್ದರು. ಅವರ ಒಬ್ಬರ ಹೆಸರೂ ಸೈಟಿನಲ್ಲಿರಲಿಲ್ಲ, ಊಟಕ್ಕೇನೂ ಕೊರತೆಯಾಗಿರಲಿಲ್ಲ. ನಾನು ಕೈಮುಗಿದು ನಿಂತೇ ಇದ್ದೆ. "ಹೆಸರಿಲ್ಲದವ್ರು ಉಣ್ಣಲಿಕತ್ತಾರ, ಹೆಸರಿದ್ದವ್ರು ಉಣ್ಣದೇ ಹೋದ್ರ ನಾ ಮಂದಿಗೆ ಏನ್ ಹೇಳ್ಲಿ?" ಎಂದು ಸಾಹೇಬರು ಹೆಗಲು ಒತ್ತಿ ಕೂಡಿಸಿದರು. ಆರು ಮಂದಿಯ ಹೆಸರಿಗೆ ತೆಗೆದಿಟ್ಟದ್ದು ನನ್ನೊಬ್ಬನ ಗಂಗಾಳಕ್ಕೆ ಬಿತ್ತು. ಚಿತ್ತಾಪುರದ ರಸ್ತೆಯಲ್ಲೂ ಅದೇ ಕಥೆ. ಫಿಸಿಕ್ಸಿನವರ ಮೂವರು ಮಕ್ಕಳು ನನ್ನ ಎದುರೇ ಕೂತು "ಅಂಕಲ್‌ಗ ಇನ್ನೊಂದು ಕಡುಬು" ಎಂದು ಮೇಡಂಗೆ ನೆನಪು ಮಾಡಿಕೊಡುತ್ತಿದ್ದರು. ಪಾಪಿಗಳು! ಜಗದೇವಿ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು, ನಾನು ನುಂಗುವ ಪ್ರತಿ ತುತ್ತನ್ನೂ ಕಣ್ಣಲ್ಲೇ ತಡೆಯಲು ನೋಡುತ್ತಿದ್ದಳು.

ಸುಲೇಪೇಟ ಮುಟ್ಟಿದಾಗ ಇಳಿಹೊತ್ತು. ಮಾವನವರು ಉಣ್ಣದೆ ಕಾದಿದ್ದರು. "ಬರ್ರಿ ಅಳಿಯಾವ್ರ, ಕುಂದ್ರಿ" ಎಂದು ತಾವೇ ಗಂಗಾಳ ಇಟ್ಟು ಬಡಿಸಿದರು. ಅರ್ಧ ರೊಟ್ಟಿ ಹೇಗೋ ಇಳಿಯಿತು. ಅದರಾಚೆ ಗಂಟಲು ಬಾಗಿಲು ಹಾಕಿಕೊಂಡಿತು. ಮಾವನವರ ಮುಖ ಬಾಡಿತು. "ಯಾಕ್ರೀ, ಭಜ್ಜಿ ಸೇರಲಿಲ್ಲೇನು?" ಎಂದರು ಮೆಲ್ಲಗೆ. ನನಗೆ ನಿಜವಾಗಿಯೂ ಅಳು ಬರುವಂತಾಯಿತು. ಜಗದೇವಿಯ ಕಣ್ಣಲ್ಲಿ ಆಗಲೇ ಬಂದಿತ್ತು.

"ಎಪ್ಪಾ, ಅವ್ರನ್ನ ಏನೂ ಅನಬ್ಯಾಡ" ಎಂದು ಅವಳು ಒಮ್ಮೆಲೇ ಬಾಯಿ ಬಿಟ್ಟಳು. "ಮುಂಜಾನಿಂದ ಎರಡು ಹೊಲದಾಗ ಉಂಡು ಬಂದಾರ!"

ನಾನು ಅವಸರದಿಂದ ಸೆಷನ್, ಕುಕ್ಕಿ, ಚಪ್ಪಲಿಯ ಬಿಲ್ಲೆ ಎಲ್ಲವನ್ನೂ ಹೇಳಿದೆ. ಮಾವನವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಎರಡೂ ಹೊಲದಾಗ ಹೊಟ್ಟಿ ತುಂಬ ಉಂಡ್ರಿ?"

"ಹೂಂರಿ."

"ಮ್ಯಾಲ ಇಲ್ಲಿ ಬಂದು ಅರ್ಧ ರೊಟ್ಟಿ?"

"ತಪ್ಪಾಯ್ತ್ರಿ ಮಾವಾ."

ಮಾವನವರು ಎದ್ದು ನಿಂತರು. ತಲೆಯ ಪಟಕಾ ಸರಿ ಮಾಡಿಕೊಂಡು ಪಕ್ಕದ ಹೊಲದ ಕಡೆ ತಿರುಗಿ ಕೂಗಿದರು. "ಏ ಬಸಣ್ಣಾ! ನನ್ನ ಅಳಿಯ ಎರಡು ಹೊಲ ಮುಗಿಸಿ ಬಂದಾನಪಾ! ಇನ್ನೂ ಉಣ್ಣಾಕತ್ತಾನ!"

"ಹೌದಾ? ಹಂಗಾರ ಇತ್ತಾಗ ಕಳಸ್ರಿ, ನೋಡೇ ಬಿಡೂಣು!" ಎಂದು ಆ ಕಡೆಯಿಂದ ಉತ್ತರ ಬಂತು. ಅದರಾಚೆಯ ಹೊಲದಲ್ಲೂ ಯಾರೋ ಎದ್ದು ಕೈ ಬೀಸತೊಡಗಿದರು. ಜಗದೇವಿಯ ಮುಖ ಅರಳಿತ್ತು, ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. "ಹೋಗ್ರಿ" ಎಂದು ನನ್ನ ಬೆನ್ನು ನೂಕಿದಳು. ಬೆಲ್ಟನ್ನು ಸಡಿಲಿಸಿ ಕೊನೆಯ ತೂತಿಗೆ ಸರಿಸಿಕೊಂಡು ಬದು ದಾಟಿದೆ. "ಬಸಣ್ಣ ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ತುತ್ತು" ಎಂದು ಬೇಡಿಕೊಂಡೆ.

"ಆಗಲೇಳ್ರಿ, ಒಂದೇ" ಎಂದು ಬಸಣ್ಣ ಕಾಕಾ ಒಪ್ಪಿ, ಎರಡೂ ಕೈ ಹಚ್ಚಿ ತುತ್ತು ಕಟ್ಟತೊಡಗಿದ.