ಡೇರಿಯಸ್ ಬರುವ ಹೊತ್ತಿಗೆ ಊಟ ರೆಡಿ

ಬೇರೆಯವರ ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ, ಮಕ್ಕಳು ಇರುತ್ತಾರೆ. ಡೆಟ್ರಾಯಿಟ್ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಮನೆಯಲ್ಲಿ ಇವರ ಜೊತೆಗೆ ಪರ್ಷಿಯಾದ ಚಕ್ರವರ್ತಿಗಳೂ ಇದ್ದರು. ಹಾಗಾಗಿ ನಮ್ಮಲ್ಲಿ ಏನಾದರೊಂದು ಆಗುತ್ತಲೇ ಇರುತ್ತಿತ್ತು.

ಇದಕ್ಕೆಲ್ಲ ಕಾರಣ ನಮ್ಮ ಯಜಮಾನರು. ವೃತ್ತಿಯಲ್ಲಿ ಕಾರಿನ ಬ್ರೇಕ್ ಡಿಸೈನ್ ಮಾಡುವ ಇಂಜಿನಿಯರು. ಧಾರವಾಡದಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಗ ಇತಿಹಾಸದ ಮಾಸ್ತರು ಸೈರಸ್‌ನಿಂದ ಶುರುಮಾಡಿ ಡೇರಿಯಸ್‌ವರೆಗೆ ಬಂದು, "ಮುಂದಿಂದು ಪರೀಕ್ಷಾಕ್ಕ ಇಲ್ಲ" ಎಂದು ಪುಸ್ತಕ ಮುಚ್ಚಿಬಿಟ್ಟರಂತೆ. ಮುಂದೇನಾಯಿತು ಎಂಬ ಸಂಕಟ ತಾಳಲಾರದೆ ಇವರು ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿಕೊಂಡರು. ಓದಿದ್ದನ್ನು ಒಂದೇ ಒಂದು ಸಲ, ಮೊದಲಿನಿಂದ ಕೊನೆಯವರೆಗೆ, ಯಾರಾದರೂ ಕೂತು ಕೇಳಬೇಕು. ಅವರ ಜೀವಮಾನದ ಆಸೆ ಅದೊಂದೇ.

ಹೆಂಡತಿಯಾದವಳು ಕೇಳಬಾರದೇ ಎನ್ನುತ್ತೀರಿ. ನಾನು ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ದಿನವಿಡೀ ಊರವರನ್ನೆಲ್ಲ ಮಲಗಿಸಿ ಮನೆಗೆ ಬರುತ್ತಿದ್ದೆ. ನನ್ನನ್ನು ಮಲಗಿಸುವುದಕ್ಕೆ ಸೈರಸ್‌ನ ಬಾಲ್ಯ ಸಾಕಾಗುತ್ತಿತ್ತು.

ಹಪ್ಪಳ ಕರಿಯುವ ಸಮಯ

ಆಗ ನಾವು ಕನ್ನಡದವರೆಲ್ಲ ಹೊಸಬರು, ಡೆಟ್ರಾಯಿಟ್ ಸುತ್ತಮುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿದ್ದೆವು. ಪ್ರತಿ ಶನಿವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರುವುದು. ಕುರ್ಚಿ ಸಾಲದೆ ಕಾರ್ಪೆಟ್ ಮೇಲೆ ಬೆಡ್‌ಶೀಟ್ ಹಾಸಿ ಕೂರುತ್ತಿದ್ದೆವು. ಇವರು ಕೋಟು ಬಿಚ್ಚುವಾಗಲೇ ಕಥೆ ಶುರು. ಸೈರಸ್ ಬ್ಯಾಬಿಲೋನ್ ಗೆದ್ದು ಅಲ್ಲಿನ ಸೆರೆಯಾಳುಗಳನ್ನು ಬಿಡುಗಡೆ ಮಾಡುತ್ತಿದ್ದ. ಅವನ ಮಗ ಈಜಿಪ್ಟಿಗೆ ದಂಡೆತ್ತಿ ಹೋಗುತ್ತಿದ್ದ. ಅವನು ಸತ್ತ ಮೇಲೆ, ಬೆಳಗಾಗುತ್ತಲೇ ಯಾರ ಕುದುರೆ ಮೊದಲು ಕೆನೆಯುತ್ತದೋ ಅವನೇ ರಾಜ ಎಂದು ಸರದಾರರೆಲ್ಲ ಒಪ್ಪಂದ ಮಾಡಿಕೊಂಡು ನಿಲ್ಲುತ್ತಿದ್ದರು. ಡೇರಿಯಸ್‌ನ ಕುದುರೆ ಇನ್ನೇನು ಕೆನೆಯಬೇಕು, ಅಡಿಗೆಮನೆಯಿಂದ "ಊಟ ರೆಡಿ, ಎಲ್ಲಾ ಬನ್ನಿ" ಎಂಬ ದನಿ ಬರುತ್ತಿತ್ತು. ಜನ ಎದ್ದು ಹೋಗುತ್ತಿದ್ದರು. ಆ ಕುದುರೆ ಎಷ್ಟೋ ವರ್ಷ ಬಾಯಿ ತೆರೆದುಕೊಂಡೇ ನಿಂತಿತ್ತು.

ಒಂದು ಶನಿವಾರ ಇವರಿಗೆ ಜ್ವರ. ಬರಲಾಗುವುದಿಲ್ಲ ಎಂದು ಆ ವಾರ ಕರೆದಿದ್ದ ಮನೆಯಾಕೆಗೆ ಫೋನ್ ಮಾಡಿದೆ. ಆಕೆಗೆ ನಿಜವಾಗಿ ಗಾಬರಿಯಾಯಿತು.

"ಅಯ್ಯೋ, ಹಾಗಾದ್ರೆ ಹಪ್ಪಳ ಯಾವಾಗ ಕರಿಯೋದ್ರೀ? ನಾನು ಬ್ಯಾಬಿಲೋನ್ ಬಿದ್ದ ತಕ್ಷಣ ಎಣ್ಣೆ ಇಡೋದು. ಡೇರಿಯಸ್ ಬರೋ ಹೊತ್ತಿಗೆ ಕಾದಿರತ್ತೆ."

ಆ ಗುಂಪಿನಲ್ಲಿ ಅರ್ಧ ಜನ ಈಗ ಬೆಚ್ಚಗಿನ ಊರು ಹುಡುಕಿಕೊಂಡು ಫ್ಲಾರಿಡಾ ಸೇರಿದ್ದಾರೆ. ಉಳಿದವರ ಮನೆಗಳಲ್ಲಿ ದೊಡ್ಡ ದೊಡ್ಡ ಡೈನಿಂಗ್ ಟೇಬಲ್ಲುಗಳಿವೆ. ನನಗೆ ಮಾತ್ರ ಆ ಬೆಡ್‌ಶೀಟ್ ಮೇಲಿನ ಊಟವೇ ನೆನಪಾಗುತ್ತದೆ.

ರಾಜಮಾರ್ಗ

ಒಳ್ಳೆಯ ಸೀರೆ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಬೇಕೆಂದರೆ ಆಗ ಷಿಕಾಗೋದ ಡೆವನ್ ಅವೆನ್ಯೂಗೇ ಹೋಗಬೇಕಿತ್ತು. ಒಮ್ಮೆ ಹಾಗೆ ಹೊರಟೆವು, ಕಾರಿನ ಹಿಂದಿನ ಸೀಟಿನಲ್ಲಿ ನಾನು, ಮಗಳು. ಮುಂದೆ ಇವರ ಪಕ್ಕದಲ್ಲಿ ಅತ್ತೆ. ಅತ್ತೆಗೆ ಹಿಂದೆ ಕೂತರೆ ವಾಂತಿ.

ಹೈವೇ ಹತ್ತಿದ ಕೂಡಲೇ ಡೇರಿಯಸ್ ಕಟ್ಟಿಸಿದ ರಾಜಮಾರ್ಗ ಶುರುವಾಯಿತು. ದಾರಿಯುದ್ದಕ್ಕೂ ಠಾಣ್ಯಗಳು, ಪ್ರತಿ ಠಾಣ್ಯದಲ್ಲೂ ಹೊಸ ಕುದುರೆ, ಹೊಸ ಸವಾರ. ಮಳೆ, ಬಿಸಿಲು, ಏನೇ ಬರಲಿ, ರಾಜನ ಓಲೆ ನಿಲ್ಲುವಂತಿಲ್ಲ.

ಮಗಳು "ಅಪ್ಪಾ, ಐ ನೀಡ್ ಟು ಪೀ" ಎಂದಳು.

"ಡೇರಿಯಸ್‌ನ ಸವಾರ ನಡುವೆ ನಿಲ್ತಿದ್ದಿಲ್ಲಮ್ಮ" ಎಂದರು ಇವರು. ಆದರೂ ನಿಲ್ಲಿಸಿದರು. ಮತ್ತೆ ಹೊರಟೆವು, ಷಿಕಾಗೋದ ಎತ್ತರದ ಕಟ್ಟಡಗಳು ಬಂದವು, ಹೋದವು. ಸವಾರ ಓಲೆ ತಲುಪಿಸಿ ಮುಗಿಸುವ ಹೊತ್ತಿಗೆ ರಸ್ತೆಬದಿಯಲ್ಲಿ ವಿಸ್ಕಾನ್ಸಿನ್ ರಾಜ್ಯಕ್ಕೆ ಸ್ವಾಗತ ಎಂಬ ಬೋರ್ಡು ಕಾಣಿಸಿತು. ಡೆವನ್ ಎಕ್ಸಿಟ್ ಹಿಂದೆ ಎಲ್ಲೋ ಉಳಿದಿತ್ತು.

ಅತ್ತೆ ಮೆಲ್ಲಗೆ ಕೇಳಿದರು: "ಆ ಸವಾರನ ಕುದುರಿಗರೆ ದಾರಿ ಗೊತ್ತಿತ್ತೇನಪಾ?"

ಕಿವಿಯಿಲ್ಲದ ಬಸವಣ್ಣ

ಷಿಕಾಗೋದ ಒಂದು ಮ್ಯೂಸಿಯಮ್ಮಿನಲ್ಲಿ ಪರ್ಷಿಯಾದ ಅರಮನೆಯ ಬಾಗಿಲಲ್ಲಿದ್ದ ಗೂಳಿಯ ತಲೆಯಿದೆ. ಕರಿಗಲ್ಲಿನದು, ಆಳೆತ್ತರ ಮೀರಿದ್ದು. ಇನ್ನೊಮ್ಮೆ ಹೋದಾಗ ಇವರು ಅತ್ತೆಯನ್ನು ಅದರ ಮುಂದೆ ನಿಲ್ಲಿಸಿ ಡೇರಿಯಸ್‌ನ ಮಗ ಕ್ಸರ್ಕ್ಸೀಸ್ ಮಹಾರಾಜನ ವೈಭವ ಹೇಳತೊಡಗಿದರು. ಹೇಳುತ್ತ ಹೇಳುತ್ತ ತಿರುಗಿ ನೋಡಿದರೆ ಅತ್ತೆ ಬೂಟು ಬಿಚ್ಚಿಟ್ಟು ಕೈಮುಗಿದು ನಿಂತಿದ್ದಾರೆ.

"ಅವ್ವ, ಅದು ನಮ್ಮ ಬಸವಣ್ಣ ಅಲ್ಲ. ಕಾವಲಿಗೆ ಇಟ್ಟಿದ್ದು."

"ನಮ್ಮ ಬಸವಣ್ಣನೂ ಕಾವಲಿಗೇ ಕೂತಾನ" ಎಂದವರೇ ಮುಂದೆ ಹೋದರು. ನಮ್ಮಲ್ಲಿ ನಂದಿಯ ಕಿವಿಯಲ್ಲಿ ಕೋರಿಕೆ ಹೇಳಿಕೊಂಡರೆ ಶಿವನಿಗೆ ಮುಟ್ಟುತ್ತದೆ ಎಂಬ ನಂಬಿಕೆಯಿದೆಯಲ್ಲ. ಅತ್ತೆ ಬಲಗಡೆ ಬಗ್ಗಿ ನೋಡಿದರು, ಎಡಗಡೆ ಬಗ್ಗಿ ನೋಡಿದರು. ಅಷ್ಟರಲ್ಲಿ ಕಾವಲಿನವನು ಓಡಿಬಂದ. ಇವರು ಅವನಿಗೆ ಕ್ಷಮೆ ಕೇಳಿ, ಅವನಿಗೂ ಕ್ಸರ್ಕ್ಸೀಸ್‌ನ ಕಥೆ ಆರಂಭಿಸಿದರು. ಅವನು ಗೌರವದಿಂದ ಹಿಂದೆ ಹಿಂದೆ ಸರಿಯುತ್ತ ಪಕ್ಕದ ಕೋಣೆಗೆ ಹೊರಟುಹೋದ.

"ಇದಕ್ಕ ಕಿವಿನೇ ಇಲ್ಲಲ್ಲೋ" ಎಂದರು ಅತ್ತೆ.

"ಕಿವಿ, ಕೊಂಬು ಬ್ಯಾರೆ ಮಾಡಿ ಕೂಡಿಸಿದ್ರವ್ವ. ಅವು ಯಾವಾಗೋ ಬಿದ್ದು ಹೋಗ್ಯಾವ."

ಅತ್ತೆ ಗೂಳಿಯನ್ನು ಕನಿಕರದಿಂದ ನೋಡಿದರು. "ನಿನ್ನಂಥವರು ಯಾರೋ ದಿನಾ ಬಂದು ಕಥಿ ಹೇಳಿರಬೇಕು."

ಬೀಗರು ಬಾಯಿ ನೋಡಿದ್ದು

ಮಗಳು ಷಿಕಾಗೋ ಪಕ್ಕದ ಓಕ್ ಬ್ರೂಕಿನಲ್ಲಿ ಕೆಲಸಕ್ಕೆ ಸೇರಿದಳು. ಎರಡನೇ ಚಳಿಗಾಲ ಫೋನ್ ಮಾಡಿ, ಒಬ್ಬ ಹುಡುಗನನ್ನು ಇಷ್ಟಪಟ್ಟಿದ್ದೇನೆ, ಅವರ ಮನೆಯವರು ಇರಾನಿನವರು ಎಂದಳು. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ಇವರು ಆಗಲೇ ಎದ್ದು ಪುಸ್ತಕದ ಕಪಾಟಿನ ಹತ್ತಿರ ಹೋಗಿದ್ದರು.

ಬೀಗರಾಗುವವರು ಹಲ್ಲಿನ ಡಾಕ್ಟರು. ಮಾತುಕತೆಗೆ ಅವರ ಮನೆಗೆ ಹೋದಾಗ ಪಿಸ್ತಾ, ಚಹಾ, ಕಲ್ಲುಸಕ್ಕರೆ ಇಟ್ಟು ಉಪಚರಿಸಿದರು. ಇವರು ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷ ಕಾದ ಪ್ರಶ್ನೆ ಕೇಳಿದರು: "ಡೇರಿಯಸ್ ಬಗ್ಗೆ ನಿಮ್ಮ ಕಡೆ ಏನು ಹೇಳ್ತಾರೆ?"

ಬೀಗರು ಸಂಕೋಚದಿಂದ ನಕ್ಕರು. ಶಾಲೆಯಲ್ಲಿ ಇತಿಹಾಸದಲ್ಲಿ ಫೇಲಾಗಿದ್ದರಂತೆ. "ನೀವೇ ಹೇಳಿ" ಎಂದರು.

ಇವರು ಹಿಗ್ಗಿ ದೊಡ್ಡದಾಗಿ ಬಾಯಿ ತೆರೆದರು. ಬೀಗರು ಕನ್ನಡಕ ಏರಿಸಿ ಅದರೊಳಗೇ ಇಣುಕಿದರು. ಬ್ಯಾಬಿಲೋನ್ ಬೀಳುವ ಮೊದಲೇ ಇವರಿಗೆ ಎರಡು ಹುಳುಕು ಹಲ್ಲು ಮತ್ತು ಬುಧವಾರದ ಅಪಾಯಿಂಟ್‌ಮೆಂಟ್ ಸಿಕ್ಕಿತು.

ಕಾಶಿಯಾತ್ರೆ

ಮದುವೆಗೆ ಮುಂಚೆ ಮಗಳು ಅಪ್ಪನನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದಳು. "ಅಪ್ಪಾ, ನೋ ಕಿಂಗ್ಸ್ ಇನ್ ದ ಹಾಲ್. ಪ್ರಾಮಿಸ್?"

ಇವರು "ಆಯ್ತಮ್ಮ" ಎಂದರು. ಹಾಲ್ ತುಂಬ ಪರ್ಷಿಯಾದವರೇ ಬರುತ್ತಾರೆ, ಅಂಥ ಸಭೆ ಇನ್ನೆಲ್ಲಿ ಸಿಕ್ಕೀತು ಎಂದು ಆಸೆಪಟ್ಟಿದ್ದ ಮನುಷ್ಯ. ಆಮೇಲೆ ಎಷ್ಟು ಮೌನವಾದರೆಂದರೆ, ಒಂದು ದಿನ ಊಟಕ್ಕೆ ಕೂತಾಗ ನಾನೇ ಸೈರಸ್‌ನ ಸುದ್ದಿ ತೆಗೆದೆ. "ಬಿಡು, ಯಾಕ ಈಗ" ಎಂದರು. ಇಷ್ಟು ವರ್ಷ ಆ ಕಥೆ ನಿಲ್ಲಲಿ ಎಂದುಕೊಂಡವಳು ನಾನೇ; ನಿಂತ ಮೇಲೆ ಮನೆಯೇ ಖಾಲಿಯಾದಂತಿತ್ತು.

ಮದುವೆ ಓಕ್ ಬ್ರೂಕಿನ ಒಂದು ಹೋಟೆಲಿನಲ್ಲಿ. ಬೆಳಿಗ್ಗೆ ಅವರ ಶಾಸ್ತ್ರ. ಕನ್ನಡಿ, ಮೋಂಬತ್ತಿ, ಜೇನುತುಪ್ಪ ಇಟ್ಟು ಹುಡುಗಿಯನ್ನು ಒಪ್ಪಿಗೆ ಕೇಳುತ್ತಾರೆ. ಅವಳು ತಕ್ಷಣ ಹೂಂ ಅನ್ನುವಂತಿಲ್ಲ. ಮೊದಲ ಸಲ ಕೇಳಿದಾಗ ಹೆಂಗಸರೆಲ್ಲ ಸೇರಿ "ಹುಡುಗಿ ಹೂ ಕೀಳೋಕೆ ಹೋಗಿದಾಳೆ" ಎಂದು ಕೂಗುತ್ತಾರೆ. ಎರಡನೇ ಸಲ ಪನ್ನೀರು ತರಲು ಹೋಗಿರುತ್ತಾಳೆ. ಮೂರನೇ ಸಲಕ್ಕೆ ಒಪ್ಪುತ್ತಾಳೆ. ಅತ್ತೆಗೆ ಬಹಳ ಹಿಡಿಸಿತು. "ಇವರೂ ನಮ್ಮಂಗ ನಾಟಕದವರೇ" ಎಂದರು.

ನಂತರ ನಮ್ಮ ಕಾಶಿಯಾತ್ರೆ. ಹುಡುಗ ಪಂಚೆಯುಟ್ಟು, ಕೊಡೆ, ಕೋಲು ಹಿಡಿದು, ಸಂಸಾರ ಬೇಡ ಎಂದು ಕಾಶಿಗೆ ಹೊರಡಬೇಕು. ಹುಡುಗಿಯ ತಂದೆ ಅಡ್ಡನಿಂತು, ಮಗಳನ್ನು ಕೊಡುತ್ತೇನೆ ಎಂದು ಕರೆತರಬೇಕು. ಹೋಟೆಲಿನ ಪಾರ್ಕಿಂಗ್ ಲಾಟೇ ಕಾಶಿಯ ದಾರಿ. ಕೊರೆಯುವ ಗಾಳಿ. ಇವರು ತೆಂಗಿನಕಾಯಿ ಹಿಡಿದು ಕಾರುಗಳ ನಡುವೆ ಅವನ ಹಿಂದೆ ಹೋಗಿ, ಹೇಳಬೇಕಾದ ಮಾತು ಹೇಳಿದರು. ಹುಡುಗ ತಿರುಗಿ ನಿಂತ. ಬರಲಿಲ್ಲ.

"ಇಲ್ಲ ಅಂಕಲ್. ಕಥೆ ಮುಗಿಸಿ. ಆಮೇಲೆ ಬರ್ತೀನಿ."

"ಯಾವ ಕಥೆ?"

"ಡೇರಿಯಸ್ ಆದ್ಮೇಲೆ ಏನಾಯ್ತು? ನನಗೆ ಗೊತ್ತಿಲ್ಲ. ನಮ್ಮ ಡ್ಯಾಡ್‌ಗೂ ಗೊತ್ತಿಲ್ಲ."

ಬಾಯಿಪಾಠ ಮಾಡಿದ ಕನ್ನಡ. ಕಲಿಸಿದವರು ಯಾರೆಂದು ನಾನು ತಿರುಗಿ ನೋಡಿದೆ. ಗಾಜಿನ ಬಾಗಿಲ ಹಿಂದೆ, ಧಾರೆ ಸೀರೆಯಲ್ಲಿ, ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಇವರೂ ನೋಡಿದರು.

"ಪ್ರಾಮಿಸ್ ಮಾಡೀನಲ್ಲಮ್ಮ" ಎಂದು ಕೂಗಿದರು.

ಅವಳು ಬಾಗಿಲು ಸ್ವಲ್ಪ ತೆರೆದಳು. "ಐ ಸೆಡ್ ಇನ್ ದ ಹಾಲ್, ಅಪ್ಪಾ. ದಿಸ್ ಈಸ್ ದ ಪಾರ್ಕಿಂಗ್ ಲಾಟ್."

ಹುಡುಗನ ಚಿಕ್ಕಮ್ಮಂದಿರು ವಿಷಯ ತಿಳಿದು, "ಹುಡುಗ ಹೂ ಕೀಳೋಕೆ ಹೋಗಿದಾನೆ" ಎಂದು ಒಟ್ಟಿಗೆ ಕೂಗಿದರು. ಪುರೋಹಿತರು ಗಡಿಯಾರ ನೋಡಿಕೊಂಡು ಹತ್ತಿರ ಬಂದರು. "ಸ್ವಾಮಿ, ಮುಹೂರ್ತಕ್ಕೆ ಸ್ವಲ್ಪ ಹೊತ್ತಿದೆ. ಚಿಲ್ಲರೆ ರಾಜರನ್ನ ಬಿಟ್ಟು ಹೇಳಿ."

ಇವರು ತೆಂಗಿನಕಾಯಿ ಎದೆಗವಚಿಕೊಂಡು ಶುರುಮಾಡಿದರು. ಡೇರಿಯಸ್‌ನ ಕುದುರೆ ಕೊನೆಗೂ ಕೆನೆಯಿತು. ಅಲೆಗಳು ಸೇತುವೆ ಮುರಿದ ಸಿಟ್ಟಿಗೆ ಕ್ಸರ್ಕ್ಸೀಸ್ ಸಮುದ್ರಕ್ಕೇ ಚಾವಟಿಯೇಟು ಕೊಡಿಸಿದ. ಎರಡೂ ಕಡೆಯ ನೆಂಟರು ಚಳಿಯಲ್ಲಿ ಒತ್ತಿಕೊಂಡು ನಿಂತು ಕೇಳಿದರು. ಯಾರೂ ಊಟಕ್ಕೆ ಕರೆಯಲಿಲ್ಲ. ಅಲ್ಲಿಂದ ಮುಂದೆ ಇವರ ಮಾತು ತಡವರಿಸಿತು. ಅಷ್ಟು ದೂರ ಹೋಗಿ ಅಭ್ಯಾಸವೇ ಇರಲಿಲ್ಲ ಪಾಪ.

"ಕೊನೆಯ ದೊರೆಯ ಹೆಸರೂ ಡೇರಿಯಸ್ಸೇ. ಅಲೆಗ್ಸಾಂಡರ್‌ಗೆ ಸೋತು ಓಡಿದ. ಅವನ ಕಡೆಯವರೇ ಅವನನ್ನ ಕೊಂದು ದಾರೀಲಿ ಬಿಟ್ಟುಹೋದ್ರು. ಅಟ್ಟಿಸಿಕೊಂಡು ಬಂದ ಅಲೆಗ್ಸಾಂಡರ್ ಅದನ್ನ ನೋಡಿ, ತನ್ನ ಮೇಲುಹೊದಿಕೆ ತೆಗೆದು ಆ ಹೆಣಕ್ಕೆ ಹೊದಿಸಿದ."

ಬೀಗರು ಕನ್ನಡಕ ಒರೆಸಿಕೊಂಡರು. ಅಲ್ಲಿಯವರೆಗೆ ಎಂದೂ ಎಚ್ಚರವಾಗಿ ಕೇಳಿರದ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಶಾಲು ಹೊದ್ದು ಮುಂದೆ ನಿಂತಿದ್ದ ಅತ್ತೆ ಮಾತ್ರ ಗದರಿದರು. "ಶುಭ ಕಾರ್ಯದಾಗ ಹೆಣದ ಮಾತ್ಯಾಕೋ? ಮುಂದ ಒಳ್ಳೇದೇನೂ ಆಗ್ಲಿಲ್ಲೇನು?"

"ಆತವ್ವ. ಮುಂದ ಆ ಅಲೆಗ್ಸಾಂಡರ್, ಅದೇ ಡೇರಿಯಸ್‌ನ ಮಗಳನ್ನ ಮದುವಿ ಮಾಡ್ಕೊಂಡ. ಮುಗೀತು."

ಅತ್ತೆ ಮಗನನ್ನು ದಿಟ್ಟಿಸಿ ನೋಡಿದರು. "ಅಲ್ಲೋ, ಇಷ್ಟು ವರ್ಷ ಯುದ್ಧ ಯುದ್ಧ ಅಂತ ನಮ್ಮ ಜೀವಾ ತಿಂದಿ. ಕಡೀಕ ಮದುವಿ ಅದ ಅಂತ ಮೊದಲೇ ಹೇಳಿದ್ರ, ಆವತ್ತೇ ಕೂತು ಕೇಳ್ತಿದ್ವಲ್ಲೋ."