ಅಂಗಳದ ನಡುವೆ ಹಾದುಹೋದ ದಾರಿ

ನಮ್ಮ ಊರಿಗೆ ನಾನೇ ಮೊದಲ ಬಿ.ಎ. ಅಪ್ಪ ಜೋಡೆತ್ತು ಮಾರಿ ಮದರಾಸಿಗೆ ಕಳಿಸಿದ್ದರು. ಕಷ್ಟಪಟ್ಟು ಓದಿ ಪಾಸಾಗಿ ಬಂದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿರಲಿಲ್ಲ. ಕೇಳುವವರೇ ಇರಲಿಲ್ಲ! ನಮ್ಮ ಮನೆ ಊರಿನ ಮೂಲೆಯಲ್ಲಿತ್ತು. ಬಿ.ಎ. ಎಂದು ಬರೆಸಿ ಜಗುಲಿಯಲ್ಲಿ ತೂಗುಹಾಕಿದ ಇಂಗ್ಲಿಷ್ ಹೆಸರುಹಲಗೆಯನ್ನು ದಿನವೂ ನೋಡುತ್ತಿದ್ದದ್ದು ನಮ್ಮ ಎಮ್ಮೆಯೊಂದೇ.

ಆ ವರ್ಷ ಗೋಣಿಕೊಪ್ಪಲು ಸಂತೆಗೆ ಊರವರೇ ಒಂದು ಕಾಲುದಾರಿ ಕಡಿಯುವುದೆಂದು ತೀರ್ಮಾನವಾಯಿತು. ಸರ್ಕಾರದ ಕಣ್ಣು ದೊರೆಗಳ ಎಸ್ಟೇಟ್ ರಸ್ತೆಯಿಂದಾಚೆ ಬರುತ್ತಿರಲಿಲ್ಲ. ಮನೆಗೊಬ್ಬ ಆಳು, ಕೂಲಿಯಿಲ್ಲ. ದಾರಿ ಗುರುತಿಸುವ ಮಹತ್ಕಾರ್ಯ ಓದಿದವನೆಂದು ನನ್ನ ಪಾಲಿಗೆ ಬಂತು. ನಾನು ಕೊಡೆ ಹಿಡಿದು, ಹಗ್ಗ ಎಳೆಸಿ, ಅತಿ ಗಂಭೀರವಾಗಿ ಗೂಟ ಹೊಡೆಸಿದೆ. ದಾರಿ ಹಿತ್ತಿಲ ಕೆಳಗೆ ಹರಿಯುವ ತೋಡನ್ನು ಬಿಟ್ಟು, ತುಸು ಬಳಸಿಕೊಂಡು ನಮ್ಮ ಅಂಗಳದ ನಡುವೆಯೇ ಹೋಯಿತು.

"ಎಂಥ ಮಾರಾಯ, ತೋಡಿನ ಬದಿಯಲ್ಲಿ ಹೋದ್ರೆ ಹತ್ರ ಅಲ್ವಾ?" ಎಂದರು ಪಕ್ಕದ ಮನೆಯ ಮುದ್ದಯ್ಯ ಮಾವ.

"ಮಾವ, ಇಳಿಜಾರಿನ ಶಾಸ್ತ್ರ ನಿಮಗೆ ತಿಳಿಯುದಿಲ್ಲ."

ನನಗೂ ತಿಳಿದಿರಲಿಲ್ಲ. ನಾನು ಓದಿದ್ದು ಇತಿಹಾಸ!

ಮೊದಲ ಸಂತೆಯ ದಿನ ಕೋಟು ಹಾಕಿ ಜಗುಲಿಯಲ್ಲಿ ಕುಳಿತೆ. ಜನ ಬಂದರು, ನೋಡಿದರು, ಕೈ ಮುಗಿದರು. ಅಂಗಳಕ್ಕೆ ಬಂದವರನ್ನು ಹಾಗೇ ಕಳಿಸುವುದುಂಟೆ? "ಕಾಫಿ ಕುಡ್ದು ಹೋಗಿ" ಎಂದೆ. ಕುಡಿದರು. ಹಿಂದಿರುಗುವಾಗಲೂ ಕುಡಿದರು!

ಕೆಲವು ಸಂತೆ ಕಳೆಯುವಷ್ಟರಲ್ಲಿ ಹೆಂಡತಿ ದೇವಕಿ ಅಡುಗೆಮನೆಯಿಂದ ಹೊರಬಂದಳು. ಮುಖವೆಲ್ಲ ಮಸಿ.

"ನೋಡಿ, ಹುತ್ತರಿ ಹಬ್ಬಕ್ಕೆ ಅಂತ ಇಟ್ಟ ಬೆಲ್ಲದಲ್ಲಿ ಒಂದೇ ಅಚ್ಚು ಉಳ್ದದೆ. ಅದೂ ಮುಗಿದ್ರೆ ನಾನು ತವರಿಗೆ ಹೋಗ್ತೇನೆ. ದಾರಿ ಹೇಗೂ ಚಂದ ಮಾಡಿದ್ದೀರಿ!"

ಮುಂದಿನ ಸಂತೆಗೆ ನಾನು ಬಾಯಿ ಬಿಗಿಹಿಡಿದು ಕುಳಿತೆ. ಆದರೆ ಪಾಲಿಬೆಟ್ಟದ ಕಡೆಯ ಎಸ್ಟೇಟ್ ಆಳುಗಳು ನಾಲ್ಕು ಜನ ಬಂದವರೇ ಜಗುಲಿ ಹತ್ತಿ ಕುಳಿತುಬಿಟ್ಟರು.

"ಅಣ್ಣಾ, ನಾಲ್ಕು ಕಾಫಿ. ಬಿಸಿ ಇರ್ಲಿ."

"ಇದು ಮನೆ!" ಎಂದೆ.

"ಬೋರ್ಡು ಹಾಕಿದ್ದೀರಲ್ಲ!"

ನನ್ನ ಬಿ.ಎ. ಕಾಫಿ ಕ್ಲಬ್ಬಿನ ಬೋರ್ಡಾಗಿತ್ತು! ಕುಳಿತವರನ್ನು ಎಬ್ಬಿಸುವುದು ಹೇಗೆ? ಒಳಗೆ ಕೊನೆಯ ಅಚ್ಚು ಒಡೆಯುವ ಸದ್ದು ಕೇಳಿಸಿತು. ಕುಡಿದೆದ್ದವರಲ್ಲೊಬ್ಬ ಜಗುಲಿಯ ಮೇಲೆ ಕಾಸಿಟ್ಟು, "ಬೆಲ್ಲ ಸ್ವಲ್ಪ ಕಮ್ಮಿ ಆಯ್ತು" ಎಂದು ಹೋದ.

ದೇವಕಿ ಗುದ್ದಲಿ ಹೆಗಲಿಗೇರಿಸಿ ಹಿತ್ತಿಲಿಗೆ ಇಳಿದಳು. ತವರಿಗೆ ಹೋಗುವವರು ಗುದ್ದಲಿ ಒಯ್ಯುವುದಿಲ್ಲವೆಂದು ಧೈರ್ಯ ತಂದುಕೊಂಡು ಹಿಂದೆಯೇ ಓಡಿದೆ. ತೋಡಿನ ಬದಿಯಲ್ಲಿ, ನಮ್ಮ ಗೊಬ್ಬರದ ಗುಂಡಿಯ ಪಕ್ಕದಲ್ಲೇ, ಅವಳು ಹೊಸ ದಾರಿ ಕಡಿಯತೊಡಗಿದ್ದಳು. ಸುದ್ದಿ ತಿಳಿದು ಮುದ್ದಯ್ಯ ಮಾವ ಊರವರನ್ನೇ ಕರೆತಂದರು. ಈ ಸಲ ಕೊಡೆ ಹಿಡಿಯಲು ಯಾರೂ ನನಗೆ ಹೇಳಲಿಲ್ಲ. ಮಣ್ಣು ಹೊತ್ತೆ.

ದೇವಕಿ ತವರಿಗೆ ಹೋಗಲಿಲ್ಲ. ನನ್ನ ಹೆಸರು ಹತ್ತೂರಿಗೆ ತಿಳಿಯಬೇಕೆಂಬ ಆಸೆಯೂ ಒಂದು ರೀತಿಯಲ್ಲಿ ಈಡೇರಿತು. ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ಆ ದಾರಿಯ ಕಾಡು ಕಡಿಯುವ ಕೆಲಸ, ಊರವರ ಒಮ್ಮತದ ನಿರ್ಣಯದಂತೆ, ನನ್ನದು. ಹೊಸಬರು ಯಾರಾದರೂ ಸಂತೆಗೆ ದಾರಿ ಕೇಳಿದರೆ ಮುದ್ದಯ್ಯ ಮಾವ ಕೈ ತೋರಿಸಿ ಹೇಳುತ್ತಾರೆ:

"ಹೀಗೇ ನೇರ ಹೋಗಿ. ಗೊಬ್ಬರದ ವಾಸನೆ ಬಂತಾ, ಅದೇ ಬಿ.ಎ. ದಾರಿ!"