ಅನುಸೂಯಳ ಕುರಿಮರಿ ಮತ್ತು ನನ್ನ ತೆರಿಗೆ ಪಾಂಡಿತ್ಯ

ಈ ವರ್ಷ ಆದಾಯ ತೆರಿಗೆಯ ರಿಟರ್ನನ್ನು ನಾನೇ ಸಲ್ಲಿಸುತ್ತೇನೆ! ಆಡಿಟರ್ ಬೇಡ, ಅವರ ಕಚೇರಿಯ ಬೆಂಚು ಬೇಡ, ಟೋಕನ್ ಅಂತೂ ಬೇಡವೇ ಬೇಡ!

ಹೊಳಲ್ಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ಅದನ್ನು ಕೇಳಲು ಇದ್ದವಳು ನನ್ನ ಹೆಂಡತಿ ಅನುಸೂಯ ಒಬ್ಬಳೇ. ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

"ಯಾರ ರಿಟರ್ನು?"

"ನಿನ್ನದು!"

ಬೆಳ್ಳುಳ್ಳಿ ಕೈಯಿಂದ ಜಾರಿತು.

"ನಿಮ್ಮ ಪ್ರಯೋಗಕ್ಕೆ ನನ್ ದುಡ್ಡೇ ಬೇಕಾಗಿತ್ತೇನ್ರಿ? ಸುಮ್ನೆ ದುರ್ಗಕ್ಕೆ ಹೋಗಿ ಆ ನಿರಂಜನನ ಕೈಗೆ ಕೊಡ್ರಿ."

ಆ 'ದುಡ್ಡಿನ' ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಅನುಸೂಯ ಹಿರೇಗುಂಟನೂರಿನ ಕುರಿ ಸಾಕುವವರ ಮನೆಯ ಮಗಳು. ಮೇಷ್ಟರನ್ನು ಮದುವೆಯಾಗಿ, ಬಾಡಿಗೆ ಮನೆಗಳಲ್ಲಿ ಕುರಿ ಕಟ್ಟಲು ಜಾಗವಿಲ್ಲದೆ, ಕುರಿಗಳ ಬದಲು ನನ್ನನ್ನೇ ನೋಡಿಕೊಂಡು ಆಯಸ್ಸು ಕಳೆದವಳು. ತವರಿನವರ ಹೊಲ ರಸ್ತೆಗೆ ಹೋದಾಗ ಬಂದ ಪರಿಹಾರದಲ್ಲಿ ತಮ್ಮ ಸಣ್ಣಪ್ಪ ಅಕ್ಕನ ಪಾಲನ್ನು ಮರೆಯದೆ ಕೊಟ್ಟಿದ್ದ. ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟೆವು. ಬ್ಯಾಂಕಿನವರು ಬಡ್ಡಿಯಲ್ಲಿ ತೆರಿಗೆ ಹಿಡಿದುಕೊಂಡರು. ಅವಳ ವರಮಾನಕ್ಕೆ ತೆರಿಗೆಯೇ ಇಲ್ಲವಾದ್ದರಿಂದ ರಿಟರ್ನ್ ಸಲ್ಲಿಸಿದರೆ ಹಿಡಿದದ್ದೆಲ್ಲ ವಾಪಸು ಬರುತ್ತದೆ. ಹಾಗೆ ಬರುವ ಹಣ ಸರಿಯಾಗಿ ಒಂದು ಹೆಣ್ಣು ಕುರಿಮರಿಯ ಬೆಲೆ! ಮರಿಯನ್ನೂ ಆಗಲೇ ಆರಿಸಿಟ್ಟಿದ್ದಳು. ಸಣ್ಣಪ್ಪನ ನೆರೆಮನೆಯ ಗಿರಿಯಮ್ಮನದು. ಕರಿಯ ಮೈ, ಬಿಳಿಯ ಹಣೆ. ಗೌರಿ ಹಬ್ಬದವರೆಗೆ ಕಾಯುತ್ತೇನೆ, ಆಮೇಲೆ ವ್ಯಾಪಾರಿಗೆ ಕೊಟ್ಟುಬಿಡುತ್ತೇನೆ ಎಂದು ಗಿರಿಯಮ್ಮ ಖಂಡಿತವಾಗಿ ಹೇಳಿದ್ದಳು.

ಇನ್ನು ನಿರಂಜನ. ಅವನು ನನ್ನ ಶಿಷ್ಯ, ಈಗ ಚಿತ್ರದುರ್ಗದಲ್ಲಿ ಹೆಸರಾಂತ ಆಡಿಟರ್. ಹಿಂದಿನ ವಾರ ಅವನ ಕಚೇರಿಗೆ ಹೋಗಿದ್ದೆ. ಬಾಗಿಲಲ್ಲಿದ್ದ ಸ್ವಾತಿ ಎಂಬ ಹುಡುಗಿ, "ಅಂಕಲ್, ಟೋಕನ್ ತಗಂಡ್ರಾ?" ಎಂದಳು. ಟೋಕನ್! ಅವಳ ಯಜಮಾನನಿಗೆ ಕಾಗುಣಿತ ಕಲಿಸಿದ ಕೈಗೆ ಟೋಕನ್! ಒಂದು ಕಾಲದಲ್ಲಿ ಅವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಂದು ಮಧ್ಯಾಹ್ನದವರೆಗೂ ಅವನು ನನ್ನನ್ನು ಬೆಂಚಿನ ಮೇಲೆ ಕೂರಿಸಿದ. ಕಾಲು ಅಲುಗಾಡಿಸಿದೆ, ಗೋಡೆಯ ಕ್ಯಾಲೆಂಡರಿನ ಕಾಗುಣಿತದ ತಪ್ಪುಗಳನ್ನೆಲ್ಲ ಹುಡುಕಿದೆ, ಕೊನೆಗೆ ಎದ್ದು ಬಂದೆ. ಬಸ್ಸಿನಲ್ಲಿ ಮೊಬೈಲ್ ತೆರೆದರೆ ಅದರಲ್ಲೊಂದು ಜಾಹೀರಾತು: 'ಚಹಾ ಆರುವುದರೊಳಗೆ ನಿಮ್ಮ ರಿಟರ್ನ್ ನೀವೇ ಸಲ್ಲಿಸಿ!' ಅದು ಜಾಹೀರಾತಲ್ಲ, ಅಶರೀರವಾಣಿ ಎನ್ನಿಸಿತು!

ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳು ಕೊಟ್ಟಿದ್ದ ಲ್ಯಾಪ್‌ಟಾಪನ್ನು ಶಾಲು ಹೊದಿಸಿ ಬೀರುವಿನಲ್ಲಿ ಮಲಗಿಸಿದ್ದೆ. ಎಬ್ಬಿಸಿದೆ. ಆ ಜಾಹೀರಾತಿನ ಸಾಫ್ಟ್‌ವೇರ್ ತೆರೆಯಿತು. ಪ್ರಶ್ನೆಗಳು ಬಂದವು. ಆಹಾ, ಪ್ರಶ್ನೆಪತ್ರಿಕೆ! ಜೀವಮಾನವೆಲ್ಲ ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ಒಂದೇ ಮಂತ್ರ: "ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಏನಾದರೂ ಬರೆಯಿರಿ." ಆ ಮಂತ್ರವನ್ನು ಹೇಳಿದವನೇ ಮುರಿಯುವುದುಂಟೆ?

ಮೊದಲ ಪ್ರಶ್ನೆ, ಉದ್ಯೋಗ. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. 'ಗೃಹಿಣಿ' ಎಂಬುದೇ ಇರಲಿಲ್ಲ. 'ಆಡಳಿತ ಸಲಹೆಗಾರರು' ಎಂದಿತ್ತು. ನಮ್ಮ ಮನೆಯ ಮಟ್ಟಿಗೆ ಇದಕ್ಕಿಂತ ನಿಖರವಾದ ಪದವಿಲ್ಲ. ಒತ್ತಿದೆ.

"ಅನು, ನೀನು ಯಾವುದಾದರೂ ಸಂಸ್ಥೆಯ ನಿರ್ದೇಶಕಿಯೆ?"

"ನಾನೆಲ್ಲಿ ನಿರ್ದೇಶಕಿ? ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಅಷ್ಟೇ."

ಅಧ್ಯಕ್ಷೆ ಎಂದರೆ ನಿರ್ದೇಶಕಿಗಿಂತ ದೊಡ್ಡವಳಲ್ಲವೆ! 'ಹೌದು' ಎಂದು ಒತ್ತಿದೆ. ಸಾಫ್ಟ್‌ವೇರ್ ಬೆಚ್ಚಿಬಿದ್ದು, ಚಿಕ್ಕ ಫಾರಂ ಮಡಚಿ ದೊಡ್ಡ ಫಾರಂ ಹಾಸಿತು. ಪ್ರಶ್ನೆಗಳು ಹೆಚ್ಚಾದವು, ನನ್ನ ಉತ್ಸಾಹವೂ ಹೆಚ್ಚಿತು.

"ವಿದೇಶಿ ಆಸ್ತಿ ಏನಾದರೂ ಇದೆಯೆ?"

"ಐತಲ್ಲ, ನಮ್ಮ ಸೊಸೆ ಮೋನಿಕಾ ದುಬೈಯಿಂದ ತಂದ ಆ ರಗ್ಗು. ಕುರಿ ಸಾಕೋರ ಮನೆ ಮಗಳಿಗೆ ಪಾಲಿಸ್ಟರ್ ರಗ್ಗು ತಂದವ್ಳೆ, ನಾಚಿಕೆ ಇಲ್ದೋಳು!"

ಬರೆದೆ. ಅವಳ ತಮ್ಮ ಹೋದ ವರ್ಷದ ಗೌರಿ ಹಬ್ಬಕ್ಕೆ ಕೊಟ್ಟ ಬಾಗಿನದ ಸೀರೆಯನ್ನೂ ಎಲೆ ಅಡಿಕೆಯ ಮೇಲಿಟ್ಟ ನೋಟನ್ನೂ ಬರೆದೆ. 'ವರ್ಷದಲ್ಲಿ ಬಂದ ಇತರ ಮೊತ್ತ' ಎಂದೊಂದು ಖಾನೆ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಠೇವಣಿಯ ಇಡೀ ಅಸಲನ್ನು ಅದರೊಳಗೆ ಹಾಕಿದೆ. ಬಂದದ್ದು ಬಂದದ್ದೇ ತಾನೆ? ಮುಚ್ಚಿಡುವುದು ಮೇಷ್ಟರ ಧರ್ಮವಲ್ಲ!

ಕೊನೆಯಲ್ಲಿ ಅದು ವಿನಯದಿಂದ ಕೇಳಿತು: ಹಳೆಯ ಪದ್ಧತಿಯೋ ಹೊಸ ಪದ್ಧತಿಯೋ?

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಮೇಷ್ಟರ ಕೆಲಸದ ಉದ್ದಕ್ಕೂ ಹೊಸ ಪದ್ಧತಿಗಳ ತರಬೇತಿಗೆ ಹೋಗಿ ಹೋಗಿ ಬೇಸತ್ತವನು ನಾನು. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದ್ದೂ ಹಳೆಯ ಪದ್ಧತಿಯಲ್ಲಿ, ಮಗ್ಗಿ ಹೇಳಿಸಿದ್ದೂ ಹಳೆಯ ಪದ್ಧತಿಯಲ್ಲಿ. ತೆರಿಗೆಯೊಂದು ಯಾವ ಮಹಾ! 'ಹಳೆಯದು' ಎಂದು ಗುದ್ದಿದೆ.

ಪರದೆಯ ಮೇಲೆ ಚಕ್ರವೊಂದು ತಿರುಗಿತು. ಅದರ ಜೊತೆ ನಾನೂ ಪಡಸಾಲೆಯಲ್ಲಿ ತಿರುಗಿದೆ. ಚಹಾ ಆರಿತು. ಇನ್ನೊಂದು ಮಾಡಿಕೊಂಡೆ, ಅದೂ ಆರಿತು. ಬಂದು ನೋಡಿದರೆ ದಪ್ಪ ಅಕ್ಷರದಲ್ಲಿ ಒಂದು ಮೊತ್ತ. ಎಂಬತ್ತು ಸಾವಿರದ ಮೇಲೆ! ಕೆಳಗೆ 'ಈಗಲೋ, ಆಮೇಲೋ?' ಎಂಬ ಪ್ರಶ್ನೆ. ಪಾಪ, ಸರ್ಕಾರಕ್ಕೂ ಅದರ ಖರ್ಚುವೆಚ್ಚ ಇರುತ್ತದೆ, ಅವಸರಪಡಿಸಬಾರದು. 'ಆಮೇಲೆ' ಎಂದು ಉದಾರವಾಗಿ ಒತ್ತಿದೆ.

"ಅನೂ! ಒಂದು ಮರಿ ಅಲ್ಲ ಕಣೇ, ರೊಪ್ಪದ ತುಂಬ ಕುರಿ ಬರುತ್ತವೆ!"

ಕೂಗಿದ ಮೇಲೆ ನೆನಪಾಯಿತು: ಅವಳು ಸಂಘದ ಸಭೆಗೆ ಹೋಗಿದ್ದಳು. ಸಾಫ್ಟ್‌ವೇರ್ ಕೊನೆಯದಾಗಿ ಒಟಿಪಿ ಕೇಳಿತು. ಅನುಸೂಯಳ ಆಧಾರ್ ಮಾಡಿಸಿದ್ದು ತವರಿನಲ್ಲಿ, ಅದಕ್ಕೆ ಕೊಟ್ಟದ್ದು ಸಣ್ಣಪ್ಪನ ಫೋನ್ ನಂಬರು. ಅವನೋ ಕುರಿ ಮೇಯಿಸುತ್ತ ಎಲ್ಲೋ ಬಯಲಿನಲ್ಲಿದ್ದ. ಫೋನ್ ಮಾಡಿದೆ.

"ಸಣ್ಣಪ್ಪ, ನಿನ್ನ ಫೋನಿಗೆ ಈಗಷ್ಟೇ ಒಂದು ಒಟಿಪಿ ಬಂದಿದೆ. ಬೇಗ ಹೇಳಪ್ಪ."

"ಯಾರ್ರಿ ನೀವು?"

"ನಾನು ಕಣೋ, ನಿನ್ನ ಭಾವ! ನಂಬರು ಕಾಣುವುದಿಲ್ಲವೆ?"

"ನಂಬರೂ ಕದೀತಾರೆ, ದನಿನೂ ಕದೀತಾರೆ. ಒಟಿಪಿ ಯಾರಿಗೂ ಹೇಳ್ಬ್ಯಾಡ್ರಿ ಅಂತ ನಮ್ ಭಾವನೇ ನಮ್ಮೂರ ಸಭೇಲಿ ಭಾಷಣ ಮಾಡ್ಯಾರೆ."

"ಆ ಭಾಷಣ ಮಾಡಿದವನೇ ನಾನು! ಬೇಗ ಹೇಳು, ಟೈಮು ಮುಗಿಯುತ್ತದೆ!"

"ಅವಸರ ಮಾಡೋರೇ ಕಳ್ರು ಅಂತ್ಲೂ ಭಾವ ಹೇಳ್ಯಾರೆ."

ನನ್ನ ಭಾಷಣವನ್ನು ಇಷ್ಟು ಶ್ರದ್ಧೆಯಿಂದ ಕೇಳಿದವನು ಪ್ರಪಂಚದಲ್ಲಿ ಇನ್ನೊಬ್ಬನಿಲ್ಲ! ಆದರೆ ಸಂತೋಷಪಡುವ ಹೊತ್ತು ಅದಾಗಿರಲಿಲ್ಲ. ಕೊನೆಯ ಅಸ್ತ್ರ ಬಿಟ್ಟೆ.

"ಲೋ, ನಿನ್ನ ಅಕ್ಕನಿಗೆ ಸರ್ಕಾರದಿಂದ ಎಂಬತ್ತು ಸಾವಿರ ಬರುತ್ತದೆ. ನೀನು ಆ ಒಟಿಪಿ ಹೇಳಿದರೆ ಸಾಕು!"

ಆ ಕಡೆ ಕುರಿಗಳು ಅರಚಿದ್ದು ಮಾತ್ರ ಕೇಳಿಸಿತು.

"ಈಗ ಗೊತ್ತಾತು ಬಿಡು, ನೀನು ಯಾರು ಅಂತ!"

ಒಂದೇ ಉಸಿರಿನಲ್ಲಿ ನಾನು ಬಹುವಚನದಿಂದ ಏಕವಚನಕ್ಕೆ ಇಳಿದಿದ್ದೆ!

"ನಾನೇ ಭಾವ ಕಣೋ! ಬೇಕಾದರೆ ಪರೀಕ್ಷೆ ಮಾಡು."

"ಹಂಗಾರೆ ಹೇಳು. ನನ್ ಮದುವೇಲಿ ನಮ್ ಭಾವ ಯಾಕೆ ಮುನಿಸ್ಕಂಡು ಹಿತ್ಲಾಗೆ ಕುಂತಿದ್ರು?"

ಇಂಥ ಪ್ರಶ್ನೆ ಯಾವ ಪತ್ರಿಕೆಯಲ್ಲೂ ಬರಬಾರದು! ಕಿಟಕಿಯ ಆಚೆ ಎದುರುಮನೆಯ ಏಕಾಂತಮ್ಮ ಬಟ್ಟೆ ಹರವುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಕೂಗಿದೆ:

"ನನಗೆ ಹೋಳಿಗೆ ಎರಡನೇ ಸಲ ಬಡಿಸಲಿಲ್ಲ ಎಂದು!"

ಏಕಾಂತಮ್ಮ ಬಟ್ಟೆ ಹರವುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಅದು ಇಡೀ ಹಿರೇಗುಂಟನೂರಿಗೇ ಗೊತ್ತೈತೆ," ಎಂದ ಸಣ್ಣಪ್ಪ. "ನಮ್ಮಕ್ಕನ ದುಡ್ಡಿನ ತಂಟೆಗೆ ಬಂದೀಯ, ಪೊಲೀಸ್ರಿಗೆ ಹೇಳ್ತೀನಿ ನೋಡ್ತಿರು!"

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲೇ ಇಲ್ಲ. ನನ್ನ ಸ್ವಂತ ಭಾವಮೈದುನ ನನ್ನನ್ನು ಬ್ಲಾಕ್ ಮಾಡಿದ್ದ!

ಸಂಜೆ ಅನುಸೂಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ಬಂದಳು. "ಸಣ್ಣಪ್ಪ ಫೋನ್ ಮಾಡಿದ್ದ. ಯಾವನೋ ಕಳ್ಳ ಥೇಟ್ ಭಾವನ ದನೀಲೇ ಮಾತಾಡಿದ್ನಂತೆ. ಚೆನ್ನಾಗಿ ಉಗಿದೆ ಅಂದ."

ನಾನು ನಗಲಿಲ್ಲ. ಗಂಭೀರವಾಗಿ ಎಂಬತ್ತು ಸಾವಿರದ ವಾರ್ತೆ ಹೇಳಿದೆ. ಅವಳ ನಗು ನಿಂತಿತು.

"ಅಲ್ರಿ, ಬ್ಯಾಂಕ್‌ನೋರು ಹಿಡ್ಕಂಡಿದ್ದೇ ಒಂದ್ ಮರಿ ದುಡ್ಡು. ಸರ್ಕಾರ ಯಾಕೆ ಒಂದ್ ರೊಪ್ಪ ಕುರಿ ಕೊಡ್ತೈತೆ?"

"ಪ್ರಾಮಾಣಿಕತೆಗೆ ಬಹುಮಾನ ಇರಬಹುದು."

"ಮೊದ್ಲು ನಿರಂಜನನಿಗೆ ತೋರಿಸ್ರಿ. ಅವನು ಸರಿ ಐತೆ ಅಂದ್ರೆ ಒಟಿಪಿ ನಾನೇ ಕೇಳ್ತೀನಿ. ಹಬ್ಬ ಹತ್ರ ಬಂತು, ಗಿರಿಯಮ್ಮ ದಿನಾ ಕೇಳ್ತಾವ್ಳೆ."

ಮಾರನೆಯ ಬೆಳಗ್ಗೆ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಹೆಂಡತಿಯೊಡನೆ ದುರ್ಗದ ಬಸ್ಸು ಹತ್ತಿದೆ. ಕುಳಿತರೆ ಕುಳಿತಿರಲಾಗದು, ನಿಂತರೆ ನಿಂತಿರಲಾಗದು. ಶಿಷ್ಯನ ಮುಖ ಪೆಚ್ಚಾಗುವುದನ್ನು ನೋಡಲು ಅಷ್ಟು ಕಾತರ! ಸ್ವಾತಿ ಬಾಯಿ ತೆರೆಯುವ ಮೊದಲೇ ಟೋಕನ್ ಕಿತ್ತುಕೊಂಡೆ. ಅಷ್ಟರಲ್ಲಿ ಒಳಗಿನಿಂದ ನಿರಂಜನನೇ ನೋಡಿ ಎದ್ದು ಬಂದ.

"ಬರ್ರಿ ಸಾರ್, ಬರ್ರಮ್ಮ. ಕುಂತ್ಕಳ್ರಿ. ಮೊನ್ನೆ ಬಂದು ಹಂಗೇ ಹೋದ್ರಂತೆ, ನಂಗೆ ಗೊತ್ತೇ ಆಗ್ಲಿಲ್ಲ."

"ನಿನ್ನ ಅವಶ್ಯಕತೆ ಬೀಳಲಿಲ್ಲಪ್ಪ," ಎಂದು ಲ್ಯಾಪ್‌ಟಾಪ್ ಬಿಚ್ಚಿ ಮುಂದಿಟ್ಟೆ.

ಅವನು ನೋಡಿದ. ಇನ್ನೊಮ್ಮೆ ನೋಡಿದ. ನೀರು ಕುಡಿದ.

"ಸಾರ್, ಅಮ್ಮನೋರು ಆಡಳಿತ ಸಲಹೆಗಾರರಾ?"

"ಮದುವೆಯಾದಾಗಿನಿಂದ."

"ಈ ದುಬೈ ಆಸ್ತಿ?"

"ರಗ್ಗು ಕಣಪ್ಪ," ಎಂದಳು ಅನುಸೂಯ. "ಹೊದ್ಕಂಡ್ರೆ ಚಳಿನೂ ಹೋಗಲ್ಲ."

"ಸಾರ್, ಈ ಎಂಬತ್ತು ಸಾವಿರ..."

"ಹ್ಞಾಂ! ಅದನ್ನು ನೋಡು!"

"ಇದು ಬರೋ ದುಡ್ಡಲ್ಲ ಸಾರ್. ಅಮ್ಮನೋರು ಕಟ್ಟಬೇಕಾದ ದುಡ್ಡು."

ನಾನು ಮೆಲ್ಲನೆ ಅನುಸೂಯಳ ಕಡೆ ತಿರುಗಿದೆ. ಅವಳು ನನ್ನನ್ನು ನೋಡಲಿಲ್ಲ. ಅದರಿಂದಲೇ ಹೆಚ್ಚು ಭಯವಾಯಿತು.

"ಹಂಗಾರೆ ನನ್ ಮರಿ?" ಎಂದಳು. ದನಿ ಸಣ್ಣಗಾಗಿತ್ತು. ಅದುವರೆಗೆ ನನಗೆ ಇದೆಲ್ಲ ತಮಾಷೆಯೇ ಆಗಿತ್ತು. ಆ ಸಣ್ಣ ದನಿ ಕೇಳಿದ ಮೇಲೆ ಮೇಜಿನ ಕೆಳಗೆ ಹೋಗಿ ಕೂರೋಣ ಎನ್ನಿಸಿತು.

"ಒಟಿಪಿ ಹಾಕಿದ್ರಾ ಸಾರ್?" ನಿರಂಜನ ಕೇಳಿದ.

"ಇಲ್ಲ. ಅವಳ ತಮ್ಮ ಕೊಡಲಿಲ್ಲ. ಬೈದ."

"ಉಳಿಸಿದ ನೋಡ್ರಿ ಪುಣ್ಯಾತ್ಮ! ಒಟಿಪಿ ಹಾಕಿಲ್ಲ ಅಂದ್ರೆ ಇದನ್ನ ಕಿತ್ತು ಹಾಕಿ ಹೊಸದಾಗಿ ಸಲ್ಲಿಸಬಹುದು."

ಅವನು ತನ್ನ ಕಂಪ್ಯೂಟರನ್ನು ತೆರೆದ. ನಾನು ಕತ್ತು ಚಾಚಿ ನೋಡಿ ದಂಗಾದೆ. ಅದೇ ಬಣ್ಣ, ಅದೇ ಚಕ್ರ, ಅದೇ ಪ್ರಶ್ನೆಗಳು!

"ಇದು ನನ್ನ ಸಾಫ್ಟ್‌ವೇರ್ ಅಲ್ಲವೇನೋ?"

"ಅದೇ ಸಾರ್. ನಾನೂ ಅದನ್ನೇ ಬಳಸೋದು. ಅದರದೇನೂ ತಪ್ಪಿಲ್ಲ. ಆದ್ರೆ ನೀವ್ಯಾಕೆ ಎಲ್ಲಾ ಖಾನೆನೂ ತುಂಬಿದ್ರಿ?"

"ಪ್ರಶ್ನೆ ಕೇಳಿದ ಮೇಲೆ ಉತ್ತರ ಬರೆಯದೆ ಬಿಡುವುದು ಹೇಗಪ್ಪ?"

"ನೀವು ಹೇಳಿಕೊಟ್ಟಿದ್ದು ನೆನಪೈತೆ ಸಾರ್. ಹಂಗೆ ಬರೆದೇ ನಾನು ಸಮಾಜ ವಿಜ್ಞಾನದಾಗೆ ಪಾಸಾಗಿದ್ದು. ಆದ್ರೆ ಪರೀಕ್ಷೇಲಿ ತಪ್ಪು ಉತ್ತರಕ್ಕೆ ಸೊನ್ನೆ ಕೊಟ್ಟು ಬಿಡ್ತಾರೆ. ಇಲ್ಲಿ ತಪ್ಪು ಉತ್ತರಕ್ಕೆ ನಾವೇ ದುಡ್ಡು ಕೊಡಬೇಕು!"

ಅವನು ಖಾನೆಗಳನ್ನು ಒಂದೊಂದಾಗಿ ಖಾಲಿ ಮಾಡುತ್ತ ಹೋದ. ಬಾಗಿನ ಹೋಯಿತು, ರಗ್ಗು ಹೋಯಿತು, ನಿರ್ದೇಶಕಿಯ ಪದವಿ ಹೋಯಿತು, ಹಳೆಯ ಪದ್ಧತಿ ಹೋಗಿ ಹೊಸದು ಬಂತು. ಕೊನೆಗೆ ಉಳಿದದ್ದು ಬಡ್ಡಿಯೊಂದೇ. ಅಷ್ಟೊಂದು ಖಾಲಿ ಜಾಗ ಬಿಟ್ಟ ಉತ್ತರಪತ್ರಿಕೆಗೆ ನಾನಾದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ. ಸಾಫ್ಟ್‌ವೇರ್ ಮಾತ್ರ ಹಸಿರು ಅಕ್ಷರದಲ್ಲಿ ಪೂರ್ತಿ ವಾಪಸಾತಿ ತೋರಿಸಿತು. ಅನುಸೂಯ ತಮ್ಮನಿಗೆ ಫೋನ್ ಹಚ್ಚಿದಳು.

"ಲೇ ಸಣ್ಣಪ್ಪ, ಒಟಿಪಿ ಹೇಳು."

"ಬರ್ಕ ಅಕ್ಕ," ಎಂದ ಅವನು ಮರುಕ್ಷಣವೇ. ಒಂದು ಪ್ರಶ್ನೆ ಇಲ್ಲ, ಹೋಳಿಗೆಯ ಸುದ್ದಿ ಇಲ್ಲ!

ಗೌರಿ ಹಬ್ಬಕ್ಕೆ ಮೊದಲೇ ಹಣ ಬಂತು. ಹಿರೇಗುಂಟನೂರಿಗೆ ಹೋಗಿ ಗಿರಿಯಮ್ಮನ ಕೈಗೆ ಕೊಟ್ಟೆವು. ಅನುಸೂಯ ಸಣ್ಣಪ್ಪನ ರೊಪ್ಪದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಕಿವಿ ಸವರುತ್ತಿದ್ದಳು. ಅಷ್ಟು ನೆಮ್ಮದಿಯ ಮುಖವನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಕಳೆದುಕೊಂಡ ಮರ್ಯಾದೆಯನ್ನು ಸ್ವಲ್ಪವಾದರೂ ಸಂಪಾದಿಸಲು ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡೆ.

"ನೋಡು ಅನು, ಮುಂದಿನ ವರ್ಷ ಈ ಪರದಾಟ ಬೇಡ. ನಿನ್ನ ಆಧಾರಿಗೆ ಸಣ್ಣಪ್ಪನ ನಂಬರು ತೆಗೆಸಿ, ನನ್ನ ನಂಬರು ಹಾಕಿಸೋಣ."

ಮರಿಯ ಮೇಲಿನ ಕೈ ತೆಗೆಯದೆ ಅವಳು ಹೇಳಿದಳು:

"ಬ್ಯಾಡ್ರಿ. ನನ್ ದುಡ್ಡನ್ನ ಕಳ್ರಿಂದ ಕಾಯೋಕೆ ಬ್ಯಾಂಕ್ ಐತೆ. ನಿಮ್ಮಿಂದ ಕಾಯೋಕೆ ನನ್ ತಮ್ಮನೇ ಬೇಕು!"